ಹನಿಯ ಅಡಿಯಲ್ಲಿರುವ ತಂಪು

ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಕ್ಕೆಂದು ತಯಾರಾದ ಎನ್ವಿಡಿಯಾ ಎಚ್100 ಚಿಪ್ಪಿನ ಸಿಲಿಕಾನ್ ತುಂಡು 814 ಚದರ ಮಿಲಿಮೀಟರಿನದು. ಅದರ ದೊಡ್ಡ ಮಾದರಿ 700 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ. ಎಳೆದದ್ದೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಚದರ ಸೆಂಟಿಮೀಟರೊಂದಕ್ಕೆ 80 ವ್ಯಾಟ್‌ನ ಆಸುಪಾಸಿನ ಈ ಶಾಖವನ್ನು ಬರೀ ಗಾಳಿ ಬೀಸಿ ತೆಗೆಯುವುದು ದಿನೇ ದಿನೇ ಕಷ್ಟವಾಗುತ್ತಿದೆ. ಹಾಗಾಗಿ ಎಂಜಿನಿಯರುಗಳ ಕಣ್ಣು ನೀರಿನ ಮೇಲೆ, ಅದರಲ್ಲೂ ಆವಿಯಾಗುವ ನೀರಿನ ಮೇಲೆ ಬಿದ್ದಿದೆ. ಒಂದು ಗ್ರಾಂ ನೀರನ್ನು 25ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 314 ಜೌಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗಿ ಹೋಗುವಾಗ 2,257 ಜೌಲ್ ಹೊತ್ತೊಯ್ಯುತ್ತದೆ. ಒತ್ತಡ ತಗ್ಗಿಸಿದ ಪೆಟ್ಟಿಗೆಯೊಳಗೆ ನೀರು 60 ಡಿಗ್ರಿಗೇ ಕುದಿಯುವಂತೆ ಮಾಡಬಹುದಾದ್ದರಿಂದ ಚಿಪ್ಪು ಬೆಂದುಹೋಗುವ ಭಯವೂ ಇಲ್ಲ. ಬಿಸಿ ಮೇಲ್ಮೈಗೆ ಸಣ್ಣ ಹನಿಗಳನ್ನು ಸಿಂಪಡಿಸಿ ಆವಿಯಾಗಲು ಬಿಡುವ ಈ ಉಪಾಯಕ್ಕೆ ಕಳೆದ ಎರಡು ಮೂರು ದಶಕಗಳಲ್ಲಿ ಇನ್ನೊಂದು ಸೇರಿಕೊಂಡಿದೆ: ಅಲ್ಯುಮಿನಾ, ತಾಮ್ರ, ಸಿಲಿಕಾದಂತಹ ವಸ್ತುಗಳ ನ್ಯಾನೋಕಣಗಳನ್ನು ನೀರಿಗೆ ಬೆರೆಸುವುದು. ಕಣ ಬೆರೆತ ಹನಿ ಹೆಚ್ಚು ತಂಪು ಮಾಡಿದ ಪ್ರಯೋಗಗಳು ಇವೆ, ಸುಳ್ಳಲ್ಲ. ಆದರೆ ಆ ಹೆಚ್ಚಳ ಬಹುಪಾಲು ಬಂದಿರುವುದು ಹನಿ ಕೂತ ಮೇಲ್ಮೈ ಬದಲಾದದ್ದರಿಂದ ಎಂದು ನನಗೆ ತೋರುತ್ತದೆ. ಅದರ ಶ್ರೇಯಸ್ಸನ್ನು ದ್ರವಕ್ಕೆ ಕಟ್ಟಿದ್ದರಿಂದ ಸಂಶೋಧನೆಯ ದುಡ್ಡೂ ಬುದ್ಧಿಯೂ ಬಹಳ ಕಾಲ ತಪ್ಪು ಕಡೆ ಹರಿದಿವೆ.

ನ್ಯಾನೋದ್ರವ ಎಂಬ ಹೆಸರನ್ನು 1995ರಲ್ಲಿ ಬಳಕೆಗೆ ತಂದವರು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್. ಅವರ ಆಲೋಚನೆ ಮೇಲುನೋಟಕ್ಕೆ ಒಪ್ಪುವಂಥದ್ದೇ. ತಾಮ್ರದ ಉಷ್ಣವಾಹಕತೆ ನೀರಿನದಕ್ಕಿಂತ ಆರುನೂರು ಪಟ್ಟಿಗೂ ಹೆಚ್ಚು. ನೀರಿನಲ್ಲಿ ತಾಮ್ರ ಬೆರೆಸಿದರೆ ನೀರೂ ಚೆನ್ನಾಗಿ ಶಾಖ ಸಾಗಿಸಬೇಕು. ದೊಡ್ಡ ಕಣಗಳಾದರೆ ತಳಕ್ಕಿಳಿದು ಕೊಳವೆಯನ್ನು ಮುಚ್ಚಿಬಿಡುತ್ತವೆ, ನ್ಯಾನೋ ಗಾತ್ರದವು ತೇಲುತ್ತಲೇ ಇರುತ್ತವೆ. ಆದರೆ ಇಂಥ ಮಿಶ್ರಣದಿಂದ ಎಷ್ಟು ಲಾಭ ಎಂಬ ಲೆಕ್ಕವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಷ್ಟು ಹಿಂದೆಯೇ ಹಾಕಿಟ್ಟಿದ್ದರು. ಗಾತ್ರದಲ್ಲಿ ಶೇಕಡಾ 1ರಷ್ಟು ದುಂಡುಕಣ ಬೆರೆಸಿದರೆ, ಆ ಕಣ ಎಷ್ಟೇ ಒಳ್ಳೆಯ ವಾಹಕವಾಗಿರಲಿ, ಮಿಶ್ರಣದ ವಾಹಕತೆ ಏರುವುದು ಶೇಕಡಾ 3ರಷ್ಟು ಮಾತ್ರ. ಕಣಗಳ ನಡುವೆ ನೀರು ಇದ್ದೇ ಇರುವುದರಿಂದ ಶಾಖ ಮತ್ತೆ ಮತ್ತೆ ನೀರನ್ನೇ ದಾಟಬೇಕು. ಹೀಗಿರುವಾಗ 2001ರಲ್ಲಿ ಆರ್ಗಾನ್ ತಂಡವೇ ಪ್ರಕಟಿಸಿದ ಒಂದು ಅಳತೆ ಎಲ್ಲರನ್ನೂ ಬೆಚ್ಚಿಬೀಳಿಸಿತು: ಎಥಿಲೀನ್ ಗ್ಲೈಕಾಲ್‌ಗೆ ಕೇವಲ ಶೇಕಡಾ 0.3ರಷ್ಟು ತಾಮ್ರದ ನ್ಯಾನೋಕಣ ಬೆರೆಸಿದರೆ ವಾಹಕತೆ ಶೇಕಡಾ 40ರವರೆಗೆ ಏರಿತು. ಮ್ಯಾಕ್ಸ್‌ವೆಲ್ ಲೆಕ್ಕದ ಪ್ರಕಾರ ಅದು ಶೇಕಡಾ 1ನ್ನೂ ಮುಟ್ಟಬಾರದಿತ್ತು. ಇದನ್ನು ವಿವರಿಸಲು ಕಣಗಳ ಬ್ರೌನಿಯನ್ ಚಲನೆ, ಕಣದ ಸುತ್ತ ಶಿಸ್ತಾಗಿ ನಿಂತ ದ್ರವದ ಪದರ ಮುಂತಾದ ಸಿದ್ಧಾಂತಗಳು ಸಾಲುಗಟ್ಟಿ ಬಂದವು. ಕೊನೆಗೆ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ, ಅಂದರೆ ಎಂಐಟಿಯ ಜಾಕೊಪೊ ಬುಯೊಂಜೋರ್ನೊ ಮುಂದಾಳತ್ವದಲ್ಲಿ ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಹಂಚಿಕೊಂಡು ತಂತಮ್ಮ ಉಪಕರಣಗಳಲ್ಲಿ ಅಳೆದವು. 2009ರಲ್ಲಿ ಹೊರಬಂದ ಫಲಿತಾಂಶದಲ್ಲಿ ಪವಾಡವೇನೂ ಇರಲಿಲ್ಲ. ಅಳೆದ ದ್ರವಗಳು ಮ್ಯಾಕ್ಸ್‌ವೆಲ್ ಲೆಕ್ಕದ ವಿಸ್ತೃತ ರೂಪ ಹೇಳಿದಂತೆಯೇ ನಡೆದುಕೊಂಡಿದ್ದವು.

ವಾಹಕತೆಯ ಏರಿಕೆ ಸಣ್ಣದು ಎಂಬುದಷ್ಟೇ ಆಗಿದ್ದರೆ ಸಣ್ಣ ಲಾಭವೂ ಲಾಭವೇ ಎಂದು ಸುಮ್ಮನಾಗಬಹುದಿತ್ತು. ಹನಿಯ ವಿಷಯದಲ್ಲಿ ಅದಕ್ಕಿಂತ ಆಳದ ತೊಡಕಿದೆ: ಹನಿ ಆವಿಯಾಗುವ ವೇಗವನ್ನು ತಡೆಹಿಡಿಯುವುದು ಸಾಮಾನ್ಯವಾಗಿ ಹನಿಯ ಒಳಗಿನ ವಾಹಕತೆ ಅಲ್ಲವೇ ಅಲ್ಲ. ಕುದಿಯುವಷ್ಟು ಬಿಸಿಯಿಲ್ಲದ ಮೇಲ್ಮೈಯ ಮೇಲೆ ಕೂತ ಹನಿಯಿಂದ ಹೊರಟ ನೀರಿನ ಅಣು ಸುತ್ತಲಿನ ಗಾಳಿಯಲ್ಲಿ ಹರಡಿ ದೂರ ಹೋಗಬೇಕು. ಆ ಹರಡುವಿಕೆ ನಿಧಾನ. ಇಕ್ಕಟ್ಟಿರುವುದು ಅಲ್ಲಿ, ಹನಿಯ ಹೊರಗೆ. ಈ ಸ್ಥಿತಿಯಲ್ಲಿ ಆವಿಯಾಗುವ ವೇಗ ಮುಖ್ಯವಾಗಿ ಹನಿಯ ಪಾದದ ತ್ರಿಜ್ಯವನ್ನು ಅನುಸರಿಸುತ್ತದೆ, ಒಳಗಿನ ದ್ರವ ಶಾಖವನ್ನು ಶೇಕಡಾ 3 ಚೆನ್ನಾಗಿ ಸಾಗಿಸಿತೋ ಇಲ್ಲವೋ ಎಂಬುದನ್ನು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಮೇಲ್ಮೈ ತುಂಬ ಬಿಸಿಯಾಗಿದ್ದಾಗ ಪ್ರಶ್ನೆ ಬೇರೆಯಾಗುತ್ತದೆ. ಆಗ ಶಾಖ ಹನಿಯ ದಪ್ಪವನ್ನು ದಾಟುವುದು ನಿಜವಾಗಿಯೂ ಕಷ್ಟದ ಕೆಲಸ. ಆದರೆ ಅಲ್ಲಿಯೂ ಹನಿಯ ದ್ರವಗುಣಕ್ಕಿಂತ ಅದರ ಆಕಾರ ಹೆಚ್ಚು ತೂಗುತ್ತದೆ. 5 ಮೈಕ್ರೋಲೀಟರಿನ ಒಂದು ಹನಿ, ಅಂಚು ಮೇಲ್ಮೈಯೊಂದಿಗೆ 90 ಡಿಗ್ರಿಯ ಕೋನ (ಸಂಪರ್ಕ ಕೋನ) ಮಾಡುವಂತೆ ಕೂತರೆ ಅದರ ಎತ್ತರ 1.3 ಮಿಲಿಮೀಟರ್, ಪಾದದ ವಿಸ್ತಾರ 5.6 ಚದರ ಮಿಲಿಮೀಟರ್. ಅದೇ ಹನಿ 20 ಡಿಗ್ರಿಯ ಕೋನದಲ್ಲಿ ಹರಡಿಕೊಂಡರೆ ಎತ್ತರ ಅರ್ಧ ಮಿಲಿಮೀಟರಿಗೂ ಕೆಳಗಿಳಿಯುತ್ತದೆ, ಪಾದ 21 ಚದರ ಮಿಲಿಮೀಟರ್ ದಾಟುತ್ತದೆ. ದಾಟಬೇಕಾದ ದೂರ ಮೂರನೆಯ ಒಂದಾಯಿತು, ದಾಟುವ ಅಗಲ ಸುಮಾರು ನಾಲ್ಕು ಪಟ್ಟಾಯಿತು. ಶಾಖದ ದಾರಿ ಸ್ಥೂಲವಾಗಿ ಹತ್ತು ಪಟ್ಟು ಸುಗಮವಾಯಿತು. ಒಂದು ಕಡೆ ಶೇಕಡಾ 3, ಇನ್ನೊಂದು ಕಡೆ ಹತ್ತು ಪಟ್ಟು. ಹನಿ ಹೇಗೆ ಒದ್ದೆ ಮಾಡುತ್ತದೆ ಎಂಬುದನ್ನು ಬಿಟ್ಟು ಅದು ಯಾವುದರಿಂದ ಆಗಿದೆ ಎಂಬುದರ ಹಿಂದೆ ಹೋದದ್ದು ಯಾಕೆ ಎಂದು ಕೇಳಲೇಬೇಕಾಗುತ್ತದೆ.

ಇನ್ನೂ ಬಿಸಿ ಹೆಚ್ಚಿಸಿದರೆ ಮೇಲ್ಮೈಯ ಮಾತೇ ಅಂತಿಮ. ದೋಸೆ ಕಾವಲಿ ಕಾದಿದೆಯೇ ಎಂದು ನೋಡಲು ನೀರು ಚಿಮುಕಿಸುವವರಿಗೆಲ್ಲ ಈ ಸಂಗತಿ ಗೊತ್ತು: ಹದವಾಗಿ ಕಾದಿದ್ದರೆ ಹನಿ ಚುರ್ ಎಂದು ಆರಿಹೋಗುತ್ತದೆ, ಅತಿಯಾಗಿ ಕಾದಿದ್ದರೆ ಆರದೆ ಮಣಿಯಂತೆ ಉರುಳಾಡುತ್ತದೆ. ಜರ್ಮನಿಯ ಲೈಡನ್‌ಫ್ರಾಸ್ಟ್ 1756ರಲ್ಲಿ ವಿವರಿಸಿದ ಈ ವಿದ್ಯಮಾನದಲ್ಲಿ ಹನಿಯ ಅಡಿಗೆ ಅದರದೇ ಆವಿಯ ತೆಳುಪದರ ಹಾಸಿಕೊಂಡು ಲೋಹವನ್ನೂ ನೀರನ್ನೂ ಬೇರ್ಪಡಿಸುತ್ತದೆ. ತಂಪು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಹನಿ ಕೈಕೊಡುತ್ತದೆ. ಹನಿಯೊಳಗೆ ತಾಮ್ರವಿದ್ದರೂ ಬೆಳ್ಳಿಯಿದ್ದರೂ ಹನಿ ಲೋಹವನ್ನು ಮುಟ್ಟದೆ ಅದರಿಂದ ಏನು ಪ್ರಯೋಜನ? ಮೇಲ್ಮೈಗೆ ಸೂಕ್ಷ್ಮರಂಧ್ರಗಳಿದ್ದು ಅವು ನೀರನ್ನು ಹೀರುವಂತಿದ್ದರೆ ಮಾತ್ರ ಈ ಆವಿಯ ಹಾಸು ಹರಿದು ನೀರು ಮತ್ತೆ ಲೋಹಕ್ಕೆ ತಾಕುತ್ತದೆ. 2011ರಲ್ಲಿ ಎಂಐಟಿಯವರು ನ್ಯಾನೋರಂಧ್ರಗಳ ಪದರದ ಮೇಲೆ ಸೂಕ್ಷ್ಮ ಕಂಬಗಳನ್ನು ನಿಲ್ಲಿಸಿ ಲೈಡನ್‌ಫ್ರಾಸ್ಟ್ ಹಂತವನ್ನು ಸುಮಾರು 450 ಡಿಗ್ರಿಯವರೆಗೆ ಮೇಲಕ್ಕೆ ತಳ್ಳಿದರು. ಹನಿ ಅಪ್ಪಟ ನೀರಿನದಾಗಿತ್ತು.

ಈ ವಾದಕ್ಕೆ ಗಟ್ಟಿಯಾದ ಸಾಕ್ಷಿ ಸಿಗುವುದು ಹನಿಗೆ ನೆರೆಯ ಕ್ಷೇತ್ರವಾದ ಕುದಿತದ ಅಧ್ಯಯನದಲ್ಲಿ. 2003ರಲ್ಲಿ ಎರಡು ಪರಸ್ಪರ ವಿರುದ್ಧ ಫಲಿತಾಂಶಗಳು ಬಂದವು. ಅಮೆರಿಕದಲ್ಲಿ ಯೂ ಮತ್ತು ಸಂಗಡಿಗರು ನೀರಿಗೆ ಅತ್ಯಲ್ಪ ಪ್ರಮಾಣದ, ಲೀಟರಿಗೆ ಕೆಲವು ಮಿಲಿಗ್ರಾಂನಷ್ಟು, ಅಲ್ಯುಮಿನಾ ಕಣ ಬೆರೆಸಿ ಕುದಿಸಿದಾಗ ಮೇಲ್ಮೈ ಒಣಗಿ ಸುಟ್ಟುಹೋಗುವ ಮುನ್ನ ತಾಳಬಲ್ಲ ಗರಿಷ್ಠ ಶಾಖಪ್ರವಾಹ ಸುಮಾರು ಮೂರು ಪಟ್ಟಾಯಿತು. ಮದ್ರಾಸ್ ಐಐಟಿಯ ಸರಿತ್ ಕುಮಾರ್ ದಾಸ್ ತಮ್ಮ ಜರ್ಮನ್ ಸಹೋದ್ಯೋಗಿಗಳೊಂದಿಗೆ ಅಲ್ಯುಮಿನಾ ನ್ಯಾನೋದ್ರವವನ್ನೇ ಕುದಿಸಿದಾಗ ಸಾಮಾನ್ಯ ಕುದಿತದ ಶಾಖವರ್ಗಾವಣೆ ಬರೀ ನೀರಿಗಿಂತ ಹದಗೆಟ್ಟಿತು. ಲೀಟರಿಗೆ ಕೆಲವು ಮಿಲಿಗ್ರಾಂ ಕಣ ದ್ರವದ ವಾಹಕತೆಯನ್ನು ಅಳೆಯಲಾಗುವಷ್ಟೂ ಬದಲಿಸದು. ಹಾಗಾದರೆ ಮೂರು ಪಟ್ಟು ಎಲ್ಲಿಂದ ಬಂತು? ಉತ್ತರ ಬಿಸಿ ಮೇಲ್ಮೈಗೇ ಅಂಟಿಕೊಂಡಿತ್ತು. ಗುಳ್ಳೆಯ ಬುಡದಲ್ಲಿ ನೀರು ಆವಿಯಾದಾಗಲೆಲ್ಲ ಕಣಗಳು ಅಲ್ಲೇ ಉಳಿದು ರಂಧ್ರಮಯವಾದ ಪದರ ಕಟ್ಟುತ್ತಿದ್ದವು. ಎಂಐಟಿಯವರು ಅಂಥ ಮೇಲ್ಮೈಯಲ್ಲಿ ಸಂಪರ್ಕ ಕೋನ ಅಳೆದಾಗ ಮೊದಲು 70 ಡಿಗ್ರಿಯ ಮೇಲಿದ್ದದ್ದು 40ಕ್ಕಿಂತ ಕೆಳಗಿಳಿದಿತ್ತು. ದಕ್ಷಿಣ ಕೊರಿಯಾದ ಪೋಹಾಂಗ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗ ನನ್ನ ಮಟ್ಟಿಗೆ ನಿರ್ಣಾಯಕ. ನ್ಯಾನೋದ್ರವದಲ್ಲಿ ಕುದಿಸಿ ಪದರ ಕಟ್ಟಿಸಿಕೊಂಡ ತಂತಿಯನ್ನು ಹೊರತೆಗೆದು ಅಪ್ಪಟ ನೀರಿನಲ್ಲಿ ಮತ್ತೆ ಕುದಿಸಿದರು. ಲಾಭ ಹಾಗೆಯೇ ಉಳಿದಿತ್ತು. ದ್ರವದಲ್ಲಿ ಕಣವಿಲ್ಲ, ಮೇಲ್ಮೈಯಲ್ಲಿ ಪದರವಿದೆ, ಲಾಭವಿದೆ: ಇಷ್ಟು ಸ್ವಚ್ಛವಾಗಿ ಎರಡು ಕಾರಣಗಳನ್ನು ಬಿಡಿಸಿಡುವ ಪ್ರಯೋಗ ಎಂಜಿನಿಯರಿಂಗ್‌ನಲ್ಲಿ ಅಪರೂಪ. ದಾಸ್ ಅವರ ಫಲಿತಾಂಶವೂ ಇದರ ವಿರೋಧಿಯಲ್ಲ. ಪದರ ಗುಳ್ಳೆ ಹುಟ್ಟುವ ಸಣ್ಣ ಗುಂಡಿಗಳನ್ನು ಮುಚ್ಚಿದರೆ ಕುದಿತ ಮಂಕಾಗುತ್ತದೆ, ನೀರನ್ನು ಎಳೆದು ಹರಡಿದರೆ ಗರಿಷ್ಠ ಮಿತಿ ಏರುತ್ತದೆ; ಎರಡೂ ಒಂದೇ ಪದರದ ಕೆಲಸ.

ಒಂಟಿ ಹನಿಯಲ್ಲಿ ಈ ಪದರ ಹುಟ್ಟುವ ಬಗೆಯನ್ನು ಕಾಫಿ ಕುಡಿಯುವವರೆಲ್ಲ ಮೇಜಿನ ಮೇಲೆ ಕಂಡಿರುತ್ತಾರೆ. ಚೆಲ್ಲಿದ ಕಾಫಿ ಒಣಗಿದಾಗ ನಡುವೆ ತಿಳಿಯಾಗಿ, ಅಂಚಿನಲ್ಲಿ ಕಪ್ಪು ಬಳೆಯಾಗಿ ಕಲೆ ಉಳಿಯುತ್ತದೆ. ಇದಕ್ಕೆ ಕಾರಣವನ್ನು ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ಕೊಟ್ಟರು: ಚಪ್ಪಟೆ ಹನಿಯ ಅಂಚಿನಲ್ಲಿ ಆವಿಯಾಗುವುದು ಹೆಚ್ಚು, ಅಂಚು ಕದಲದೆ ನಿಂತಿದ್ದರೆ ಅಲ್ಲಿ ಕಳೆದುಹೋದ ನೀರನ್ನು ತುಂಬಲು ನಡುವಿನ ದ್ರವ ಹೊರಕ್ಕೆ ಹರಿಯುತ್ತದೆ, ಕಣಗಳನ್ನೂ ಜೊತೆಗೆ ಒಯ್ಯುತ್ತದೆ. ಅಂಚಿಗೆ ಬಂದು ರಾಶಿಬಿದ್ದ ಕಣಗಳು ಆ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ನಿಲ್ಲಿಸುತ್ತವೆ. ತಂಪಿನ ದೃಷ್ಟಿಯಿಂದ ಇದು ಒಳ್ಳೆಯದೇ. ನುಣುಪಾದ ಮೇಲ್ಮೈಯಲ್ಲಿ ಅಪ್ಪಟ ನೀರಿನ ಹನಿ ಆರುತ್ತಾ ಬಂದಂತೆ ತನ್ನ ಪಾದವನ್ನು ಒಳಗೆಳೆದುಕೊಳ್ಳುತ್ತದೆ, ಒದ್ದೆಯಾದ ಜಾಗ ಕಿರಿದಾಗುತ್ತದೆ. ಅಂಚು ಕಚ್ಚಿಕೊಂಡ ಹನಿ ಕೊನೆಯವರೆಗೂ ಅಗಲವಾಗಿಯೇ ಇದ್ದು ತೆಳ್ಳಗಾಗುತ್ತದೆ. ಗಾಳಿಯ ಹರಡುವಿಕೆಯೇ ತಡೆಯಾಗಿರುವ ಸ್ಥಿತಿಯಲ್ಲಿ, ಸಮಾನವಾಗಿ ಶುರುವಾದ ಎರಡು ಚಪ್ಪಟೆ ಹನಿಗಳ ಪೈಕಿ ಅಂಚು ಕಚ್ಚಿದ್ದು ಇನ್ನೊಂದರ ಮೂರನೆಯ ಎರಡರಷ್ಟು ಕಾಲದಲ್ಲೇ ಆರಿಹೋಗುತ್ತದೆ ಎಂಬುದು ಸರಳ ಗಣಿತದಿಂದ ಬರುವ ಮಾತು. ನ್ಯಾನೋದ್ರವದ ಹನಿ ಬೇಗ ಆರಿತು ಎಂದು ಬರೆಯುವ ಪ್ರಬಂಧಗಳಲ್ಲಿ ವೇಗಕ್ಕೆ ಕಾರಣ ವಾಹಕತೆಯೋ ಈ ಕಚ್ಚುವಿಕೆಯೋ ಎಂದು ಬೇರೆ ಮಾಡಿ ನೋಡದಿದ್ದರೆ ಆ ಅಳತೆಯಿಂದ ಏನೂ ತಿಳಿಯುವುದಿಲ್ಲ. ಮೇಲ್ಮೈಯನ್ನೇ ತೆಗೆದುಹಾಕಿ ನೋಡುವ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಮತ್ತು ಸಹೋದ್ಯೋಗಿಗಳು ನ್ಯಾನೋಕಣಗಳ ಹನಿಯನ್ನು ಧ್ವನಿತರಂಗದ ಬಲದಿಂದ ಗಾಳಿಯಲ್ಲಿ ತೇಲಿಸಿ ಲೇಸರ್‌ನಿಂದ ಕಾಯಿಸಿ ನೋಡಿದ್ದಾರೆ. ಅಲ್ಲಿ ಕಣಗಳು ಹನಿಯ ಹೊರಮೈಯಲ್ಲಿ ಚಿಪ್ಪು ಕಟ್ಟಿ ಕೊನೆಗೆ ಬಟ್ಟಲಿನ ಅಥವಾ ಉಂಗುರದ ಆಕಾರದ ಘನವಸ್ತುವನ್ನು ಉಳಿಸುತ್ತವೆ. ನೆಲದ ಆಸರೆಯಿಲ್ಲದಾಗ ಕಣಗಳಿಗೆ ಒದ್ದೆ ಮಾಡಲು ಏನೂ ಇರುವುದಿಲ್ಲ. ಅವು ಹನಿಯ ಆಕಾರವನ್ನಷ್ಟೇ ಕೆಡಿಸುತ್ತವೆ.

ಪದರದಿಂದಲೇ ಲಾಭವೆಂದಾದರೆ ನ್ಯಾನೋದ್ರವ ಆ ಪದರವನ್ನು ತಾನಾಗಿ ಕಟ್ಟಿಕೊಡುತ್ತದಲ್ಲ, ಅದನ್ನು ಯಾಕೆ ಬಿಡಬೇಕು ಎಂದು ಕೇಳಬಹುದು. ಸ್ವಲ್ಪ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. 700 ವ್ಯಾಟ್ ಶಾಖವನ್ನು ಬರೀ ಆವಿಯಾಗುವಿಕೆಯಿಂದ ಒಯ್ಯಲು ಗಂಟೆಗೆ ಸುಮಾರು 1.1 ಲೀಟರ್ ನೀರು ಆವಿಯಾಗಬೇಕು. (ಮುಚ್ಚಿದ ವ್ಯವಸ್ಥೆಯಲ್ಲಿ ಆ ಆವಿ ತಣಿದು ಮತ್ತೆ ನೀರಾಗಿ ಮರಳುತ್ತದೆ, ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಬೆಂಗಳೂರಿನವರು ಈ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ.) ಆ ನೀರಿನಲ್ಲಿ ಗಾತ್ರದ ಲೆಕ್ಕದಲ್ಲಿ ಶೇಕಡಾ 0.1ರಷ್ಟು, ಅಂದರೆ ನ್ಯಾನೋದ್ರವದ ಮಟ್ಟಿಗೆ ತೀರಾ ಮಿತವಾದ ಪ್ರಮಾಣದ, ಕಣವಿದ್ದರೂ ಗಂಟೆಗೆ 1.1 ಘನ ಸೆಂಟಿಮೀಟರ್ ಘನವಸ್ತು ಹಿಂದೆ ಉಳಿಯುತ್ತದೆ. ಅದೆಲ್ಲ ಚಿಪ್ಪಿನ ಮೇಲೆಯೇ ಕೂತರೆ ಒಂದು ಗಂಟೆಯಲ್ಲಿ 1.4 ಮಿಲಿಮೀಟರ್ ದಪ್ಪದ ಗಾರೆ. ಸಿಂಪಡಣೆಯಲ್ಲಿ ಹೆಚ್ಚಿನ ದ್ರವ ಆವಿಯಾಗದೆ ಕಣಗಳನ್ನು ತೊಳೆದೊಯ್ಯುತ್ತದೆ ಎಂದು ಉದಾರವಾಗಿ ಒಪ್ಪಿ, ನೂರರಲ್ಲಿ ಒಂದು ಪಾಲು ಮಾತ್ರ ಅಂಟಿತು ಎಂದುಕೊಳ್ಳೋಣ. ಆಗಲೂ ಗಂಟೆಗೆ 14 ಮೈಕ್ರಾನ್. ನೀರು ತುಂಬಿದ ರಂಧ್ರಪದರದ ಉಷ್ಣವಾಹಕತೆ ಮೀಟರ್-ಡಿಗ್ರಿಗೆ 1 ವ್ಯಾಟ್ ಎಂದಿಟ್ಟುಕೊಂಡರೆ, ಚದರ ಸೆಂಟಿಮೀಟರಿಗೆ 80 ವ್ಯಾಟ್ ದಾಟುವಾಗ 10 ಮೈಕ್ರಾನ್ ದಪ್ಪದ ಪದರವೊಂದೇ 8 ಡಿಗ್ರಿ ಉಷ್ಣಾಂಶವನ್ನು ತಿಂದುಹಾಕುತ್ತದೆ. ಒಂದು ಮೈಕ್ರಾನ್ ಪದರ ವರ. ದಿನವಿಡೀ ಬೆಳೆಯುತ್ತ ಹೋಗುವ ಪದರ ಮೂಗಿಗಿಂತ ಭಾರವಾದ ಮೂಗುತಿ. ಇನ್ನೊಂದು ಸಂಗತಿಯನ್ನು ಯಾಕೋ ಹೆಚ್ಚು ಮಂದಿ ಎತ್ತಿ ಆಡುವುದಿಲ್ಲ. ಆವಿಯಾಗಿ ಮರಳುವ ವ್ಯವಸ್ಥೆ ಎಂದರೆ ಹೇಳಿಕೇಳಿ ಬಟ್ಟಿ ಇಳಿಸುವ ಯಂತ್ರ. ಆವಿಯ ಜೊತೆ ಕಣ ಏರುವುದಿಲ್ಲ. ತಣಿದು ಮರಳಿ ಬರುವುದು ಅಪ್ಪಟ ನೀರು, ಬಿಸಿಯ ಬಳಿ ಉಳಿಯುವುದು ಕೆಸರು. ನ್ಯಾನೋದ್ರವವನ್ನು ಆವಿಯಾಗಿಸುವ ವ್ಯವಸ್ಥೆ ತನ್ನ ದ್ರವವನ್ನು ತಾನೇ ಒಡೆದುಹಾಕುತ್ತಿರುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಲ್ಲಿ ಅತ್ಯಂತ ಬಲವಾದದ್ದು ಇಲಿನಾಯ್ ತಾಂತ್ರಿಕ ಸಂಸ್ಥೆಯ ದರ್ಶ್ ವಾಸನ್ ಮತ್ತು ಅಲೆಕ್ಸ್ ನಿಕೊಲೊವ್ ಅವರದು. ಹನಿಯ ಅಂಚಿನ ತೀರಾ ಕಿರಿದಾದ ಬೆಣೆಯಂಥ ಜಾಗದಲ್ಲಿ ತೇಲುವ ಕಣಗಳು ಪದರ ಪದರವಾಗಿ ಶಿಸ್ತುಗೊಳ್ಳುತ್ತವೆ, ಅದರಿಂದ ಹುಟ್ಟುವ ಒತ್ತಡ ದ್ರವವನ್ನು ಮುಂದಕ್ಕೆ ಹರಡುತ್ತದೆ ಎಂದು ಅವರು 2003ರಲ್ಲಿ ತೋರಿಸಿದರು. ಇಲ್ಲಿ ಒದ್ದೆಯಾಗುವಿಕೆ ಹೆಚ್ಚಿದ್ದು ಕಣಗಳು ದ್ರವದಲ್ಲಿರುವುದರಿಂದಲೇ, ನೆಲಕ್ಕೆ ಅಂಟಿದ್ದರಿಂದಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಶಿಸ್ತು ಮೂಡಲು ಕಣಗಳು ಒಂದೇ ಗಾತ್ರದವಾಗಿ ಒತ್ತೊತ್ತಾಗಿ ಇರಬೇಕು, ಮತ್ತು ಅದರ ಪರಿಣಾಮ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಬಟ್ಟೆಯಿಂದಲೋ ಬಂಡೆಯಿಂದಲೋ ಎಣ್ಣೆಯನ್ನು ಎಬ್ಬಿಸಲು ಅದು ಉಪಯುಕ್ತ. ಕ್ಷಣದಲ್ಲಿ ಆರಿಹೋಗುವ ಸಿಂಪಡಣೆಯ ಹನಿಗೆ ಅಷ್ಟು ಪುರುಸೊತ್ತಿಲ್ಲ, ಅಷ್ಟು ಒತ್ತಾದ ಕಣಗಳು ಬಂದರೆ ಮೇಲೆ ಹಾಕಿದ ಗಾರೆಯ ಲೆಕ್ಕ ಇನ್ನೂ ಭೀಕರವಾಗುತ್ತದೆ. ಎರಡನೆಯ ಆಕ್ಷೇಪ: ಒಮ್ಮೆ ಲೇಪಿಸಿದ ಮೇಲ್ಮೈ ಸವೆಯುತ್ತದೆ, ನ್ಯಾನೋದ್ರವವಾದರೆ ಸವೆದದ್ದನ್ನು ಮತ್ತೆ ತುಂಬಿಕೊಡುತ್ತದೆ. ನಿಜವಾದ ಅನುಕೂಲವೇ. ಆದರೆ ಅದಕ್ಕೆ ಯೂ ತಂಡ ಬಳಸಿದಂಥ, ಲೀಟರಿಗೆ ಕೆಲವೇ ಮಿಲಿಗ್ರಾಂನ, ಆಗಾಗ ಕೊಡುವ ಡೋಸು ಸಾಕು. ಹಾಗೆ ಬಳಸಿದಾಗ ನಮ್ಮ ಕೈಯಲ್ಲಿರುವುದು ಲೇಪನ ಮಾಡುವ ಒಂದು ವಿಧಾನ. ಅದನ್ನು ಶೀತಕದ ಕ್ರಾಂತಿ ಎಂದು ಮಾರಬೇಕಿಲ್ಲ.

ಕೊಳವೆಯಲ್ಲಿ ಹರಿಸುವ ನ್ಯಾನೋದ್ರವ ಶಾಖವನ್ನು ಚೆನ್ನಾಗಿ ಒಯ್ದಿದೆ ಎಂಬ ನೂರಾರು ವರದಿಗಳು ಏನಾದವು ಎನ್ನುವವರೂ ಇದ್ದಾರೆ. ಅವುಗಳಲ್ಲಿ ಅನೇಕ ಕಡೆ ಹೋಲಿಕೆ ನಡೆದಿರುವುದು ಸಮಾನ ರೆನಾಲ್ಡ್ಸ್ ಸಂಖ್ಯೆಯಲ್ಲಿ, ಅಂದರೆ ಹರಿವಿನ ವೇಗಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ ಒಂದೇ ಇರುವಂತೆ. ಕಣ ಬೆರೆತರೆ ಸ್ನಿಗ್ಧತೆ ಏರುತ್ತದೆ. ಅದೇ ರೆನಾಲ್ಡ್ಸ್ ಸಂಖ್ಯೆ ತಲುಪಲು ದ್ರವವನ್ನು ಹೆಚ್ಚು ವೇಗವಾಗಿ ಪಂಪು ಮಾಡಬೇಕಾಗುತ್ತದೆ. ವೇಗ ಹೆಚ್ಚಿಸಿದರೆ ಬರೀ ನೀರೂ ಹೆಚ್ಚು ಶಾಖ ಒಯ್ಯುತ್ತದೆ. ಪಂಪಿನ ಶಕ್ತಿಯನ್ನು ಸಮಾನವಾಗಿಟ್ಟು ಹೋಲಿಸಿದರೆ ಆ ಲಾಭದ ದೊಡ್ಡ ಪಾಲು ಕರಗಿಹೋಗುತ್ತದೆ. ಕಣ ಬೆರೆಸಿದ್ದರಿಂದ ಸ್ನಿಗ್ಧತೆಯ ಏರಿಕೆ ವಾಹಕತೆಯ ಏರಿಕೆಯ ನಾಲ್ಕು ಪಟ್ಟು ಮೀರಿದರೆ ನಯವಾದ ಹರಿವಿನಲ್ಲಿ ನ್ಯಾನೋದ್ರವ ನೀರಿಗಿಂತಲೂ ಕೀಳಾಗುತ್ತದೆ ಎಂದು ರವಿ ಪ್ರಷರ್ ಮತ್ತು ಸಂಗಡಿಗರು 2006ರಲ್ಲೇ ಲೆಕ್ಕ ಕೊಟ್ಟಿದ್ದರು. ಇಷ್ಟೆಲ್ಲ ಹೇಳಿದ ಮೇಲೂ ನ್ಯಾನೋದ್ರವವೇ ವ್ಯರ್ಥ ಎಂಬುದು ನನ್ನ ಮಾತಲ್ಲ. ಬಿಸಿಲನ್ನು ನೇರವಾಗಿ ದ್ರವದೊಳಗೇ ಹೀರಿಸಿಕೊಳ್ಳುವ ಸೌರ ಸಂಗ್ರಾಹಕಗಳಲ್ಲಿ ಬೆಳಕನ್ನು ಹಿಡಿಯುವವು ಆ ಕಣಗಳೇ. ಅಲ್ಲಿ ಅವು ದ್ರವದಲ್ಲೇ ಇರಬೇಕು.

ಹನಿಯಿಂದ ತಂಪು ಪಡೆಯುವ ಕೆಲಸದಲ್ಲಿ ಮಾತ್ರ ಮೇಲ್ಮೈಯನ್ನು ಮೊದಲೇ, ಅಳತೆಯಿಟ್ಟು, ಬೇಕಾದ ದಪ್ಪಕ್ಕೆ ಮಾಡಿಕೊಳ್ಳುವುದು ಸರಿಯಾದ ದಾರಿ. 2012ರಲ್ಲಿ ಎಂಐಟಿಯ ಎವೆಲಿನ್ ವಾಂಗ್ ತಂಡ ಸಿಲಿಕಾನ್ ಮೇಲೆ ಸೂಕ್ಷ್ಮ ಕಂಬಗಳನ್ನು ಕೊರೆದು ಬರೀ ನೀರು ಕುದಿಸಿ ಚದರ ಸೆಂಟಿಮೀಟರಿಗೆ 208 ವ್ಯಾಟ್ ಮುಟ್ಟಿತು. ನುಣುಪು ಮೇಲ್ಮೈಯಲ್ಲಿ ಸಾಮಾನ್ಯವಾಗಿ ಸಿಗುವುದು ನೂರರ ಆಸುಪಾಸು. ಎಷ್ಟು ಒದ್ದೆಯಾದರೆ ಅಷ್ಟು ಒಳ್ಳೆಯದು ಎಂದೂ ಅಲ್ಲ. ತೀರಾ ನೀರುಪ್ರಿಯವಾದ ಮೇಲ್ಮೈಯಲ್ಲಿ ಗುಳ್ಳೆ ಹುಟ್ಟುವುದೇ ತಡವಾಗುತ್ತದೆ, ಆದ್ದರಿಂದ ನೀರನ್ನು ಎಳೆಯುವ ಮೈಯ ನಡುವೆ ನೀರನ್ನು ದೂಡುವ ಚುಕ್ಕೆಗಳನ್ನು ಇಡುವ ಪ್ರಯತ್ನಗಳೂ ನಡೆದಿವೆ. ಇಂಥ ಆಯ್ಕೆ ಮೇಲ್ಮೈಯನ್ನು ಕೈಯಾರೆ ವಿನ್ಯಾಸ ಮಾಡುವವರಿಗೆ ಇದೆ. ಕಣಗಳು ಬಂದು ಎಲ್ಲಿ ಬೇಕೋ ಅಲ್ಲಿ ಕೂರಲಿ ಎಂದು ಬಿಟ್ಟವರಿಗೆ ಇಲ್ಲ. ಈ ದಾರಿಯಲ್ಲೂ ಒಂದು ಗಂಭೀರ ತೊಡಕಿದೆ. ಲೋಹದ ಆಕ್ಸೈಡಿನ ಮೈ ಗಾಳಿಯಲ್ಲಿರುವ ಹೈಡ್ರೋಕಾರ್ಬನ್ ಅಂಶಗಳನ್ನು ಅಂಟಿಸಿಕೊಂಡು ತನ್ನ ನೀರುಪ್ರಿಯತೆಯನ್ನು ಕಳೆದುಕೊಳ್ಳುತ್ತ ಬರುತ್ತದೆ. ಇಂದು 10 ಡಿಗ್ರಿಯಿದ್ದ ಸಂಪರ್ಕ ಕೋನ ಕೆಲವು ವಾರಗಳಲ್ಲಿ ಹಲವು ಪಟ್ಟಾಗಬಹುದು. ಪೆಟ್ಟಿಗೆಯೊಳಗಿನ ಅಂಟು, ರಬ್ಬರು, ಬೆಸುಗೆಯ ಉಳಿಕೆಗಳಿಂದಲೂ ಅದೇ ಬಗೆಯ ಕೊಳೆ ಬರುತ್ತದೆ. ಹೊಸ ಕಣದ ಹೊಸ ದ್ರವದ ಬಗ್ಗೆ ಇನ್ನೊಂದು ಪ್ರಬಂಧ ಬರೆಯುವ ಬದಲು, ಇರುವ ರಂಧ್ರಮಯ ಮೇಲ್ಮೈಗಳನ್ನು ಸಾವಿರಾರು ಗಂಟೆ ಕುದಿಸಿ, ಪ್ರತಿ ಹಂತದಲ್ಲೂ ಅವುಗಳ ಸಂಪರ್ಕ ಕೋನ ಅಳೆದು, ಯಾವುದು ತನ್ನ ಗುಣ ಉಳಿಸಿಕೊಂಡಿತು, ಯಾವುದು ಯಾಕೆ ಕಳೆದುಕೊಂಡಿತು ಎಂದು ಬರೆದಿಡುವ ಬೇಸರದ ಕೆಲಸಕ್ಕೆ ಅನುದಾನ ಕೊಡುವವರು ಬೇಕಾಗಿದ್ದಾರೆ.